ಉಸಿರು ನೋಡು

ಕಳೆದ ಮಾರ್ಚಿನಲ್ಲಿ ಒಂದು ಕಾಗದಕ್ಕೆ ಸಹಿ ಹಾಕಲು ನನಗೆ ಹನ್ನೆರಡು ದಿನ ಬೇಕಾಯಿತು. ಫ್ಲ್ಯಾಟಿನ ಸಾಲದ ಕಾಗದಗಳಿಗೂ ಅಷ್ಟು ಹೊತ್ತು ತೆಗೆದುಕೊಂಡಿರಲಿಲ್ಲ. ಅದು ನಮ್ಮ ನಾಯಿಯ ಎರಡು ಹುಳುಕು ಹಲ್ಲು ಕೀಳಿಸಲು ಕೊಡಬೇಕಾದ ಒಪ್ಪಿಗೆ ಪತ್ರ.

ನಾಯಿಯ ಹೆಸರು ಗುಂಡ. ಜಾತಿ ಪಗ್. ಹೈದರಾಬಾದಿನಲ್ಲಿ ನಮ್ಮ ಎದುರು ಮನೆಯಲ್ಲಿದ್ದವರು ದೇಶ ಬಿಟ್ಟು ಹೊರಟಾಗ, ಚಪ್ಪಟೆ ಮೂತಿಯ ನಾಯಿಯನ್ನು ವಿಮಾನದ ಸರಕಿನ ಕೋಣೆಯಲ್ಲಿ ಒಯ್ಯುವುದಿಲ್ಲ ಎಂದು ಹೇಳಿಸಿಕೊಂಡು, ಅಳುತ್ತ ನಮ್ಮ ಕೈಗಿಟ್ಟು ಹೋದ ನಾಯಿ. ಆಗ ಅದಕ್ಕೆ ಮೂರು ವರ್ಷ, ಈಗ ಎಂಟು. ರಾತ್ರಿ ಅದು ಗೊರಕೆ ಹೊಡೆಯುವುದನ್ನು ವಿಡಿಯೋ ಮಾಡಿ ರಾಯಚೂರಿನ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದವನು ನಾನೇ. ಎಲ್ಲರೂ ನಕ್ಕಿದ್ದರು. ನಾನೂ ನಕ್ಕಿದ್ದೆ.

ಡಾಕ್ಟರಮ್ಮ ನಗಲಿಲ್ಲ. ಗುಂಡನ ಮೂಗಿನ ಹೊಳ್ಳೆಗಳನ್ನು ಬೆರಳಿನಿಂದ ಮೆಲ್ಲಗೆ ಅಗಲಿಸಿ ತೋರಿಸಿದರು. ಹೊಳ್ಳೆ ಇರಬೇಕಾದ ಕಡೆ ಪೆನ್ಸಿಲಿನಿಂದ ಎಳೆದಂಥ ಎರಡು ಗೀರುಗಳಿದ್ದವು. "ಹಲ್ಲು ಅರ್ಧ ಗಂಟೆಯ ಕೆಲಸ. ಉಸಿರಿಗಾಗಿ ನಾನು ಇಡೀ ದಿನ ಇಟ್ಟುಕೊಳ್ಳುತ್ತೇನೆ" ಎಂದರು. ಪೂರ್ತಿ ಅರಿವಳಿಕೆ ಕೊಡದೆ ಹಲ್ಲು ಕೀಳಲಾಗುವುದಿಲ್ಲ. ಇಂಥ ಮುಖದ ನಾಯಿಗೆ ಅರಿವಳಿಕೆ ಕೊಡುವಾಗ ಅಪಾಯ ಹೆಚ್ಚು. ಯೋಚಿಸಿ ಬನ್ನಿ ಎಂದು ಕಾಗದ ಕೊಟ್ಟು ಕಳಿಸಿದರು. ಫೋನಿನಲ್ಲಿ ಅವ್ವನಿಗೆ ಹೇಳಿದರೆ, "ನಾಯಿಗೂ ಹಲ್ಲಿನ ಡಾಕ್ಟ್ರೇನಪಾ? ನಮ್ಮ ಹೊಲದಾಗಿನ ನಾಯಿ ಎಲುಬು ಕಡಕೊಂತ ತನ್ನ ಹಲ್ಲು ತಾನ ನೋಡ್ಕೊಂತಿತ್ತು" ಎಂದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಹೊಲದ ನಾಯಿಗೆ ಉದ್ದ ಮೂತಿ ಇತ್ತು.

ಆ ಹನ್ನೆರಡು ದಿನ ಹೆದರಿಕೆಗೆ ಮದ್ದೆಂಬಂತೆ ಓದಿದೆ. ಅರಿವಳಿಕೆಯ ಚರಿತ್ರೆ ಓದುತ್ತ ಹೋದರೆ ಬಾಸ್ಟನ್, ಎಡಿನ್‌ಬರೋ, ಲಂಡನ್ ಸುತ್ತಿ ಕಥೆ ನಾನು ಕೂತ ಊರಿಗೇ ಬಂತು. ನಿದ್ದೆ ಬರಿಸುವ ಔಷಧಿ ಕೊಟ್ಟಾಗ ಮೊದಲು ನಿಲ್ಲುವುದು ಉಸಿರೋ ಎದೆಬಡಿತವೋ ಎಂಬ ಪ್ರಶ್ನೆಯನ್ನು ಜಗತ್ತು ಒಂದು ಕಾಲಕ್ಕೆ ಹೈದರಾಬಾದಿನಲ್ಲಿ, ನಾಯಿಗಳ ಮೇಲೆ, ಇತ್ಯರ್ಥ ಮಾಡಲು ಹೊರಟಿತ್ತು.

ಕಾಲುಗುರಿಗೆ ಹೋದ ಜೀವ

1846ರ ಅಕ್ಟೋಬರ್ 16ರಂದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯ ಒಬ್ಬ ರೋಗಿಗೆ ಈಥರ್ ಆವಿ ಕುಡಿಸಿ, ಶಸ್ತ್ರಚಿಕಿತ್ಸೆಯನ್ನು ನೋವಿಲ್ಲದೆ ಮಾಡಬಹುದೆಂದು ಜನರೆದುರು ತೋರಿಸಿದ. ಮರುವರ್ಷ ನವೆಂಬರಿನಲ್ಲಿ ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ ಕ್ಲೋರೋಫಾರ್ಮನ್ನು ಬಳಕೆಗೆ ತಂದರು. ಅದು ಈಥರಿನಂತೆ ಗಂಟಲು ಕೆರಳಿಸುತ್ತಿರಲಿಲ್ಲ, ಬೆಂಕಿ ಹತ್ತುತ್ತಿರಲಿಲ್ಲ. ಒಂದು ಕರವಸ್ತ್ರದ ಮೇಲೆ ನಾಲ್ಕು ಹನಿ ಸಾಕಾಗುತ್ತಿತ್ತು. ಬ್ರಿಟಿಷರು ಹೋದಲ್ಲೆಲ್ಲ ಅದೂ ಹೋಯಿತು.

ಆದರೆ ಮೂರು ತಿಂಗಳು ತುಂಬುವುದರೊಳಗೆ ಮೊದಲ ಸಾವು ದಾಖಲಾಯಿತು. 1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕಾಸಲ್ ಬಳಿಯ ವಿನ್ಲೇಟನ್ನಿನಲ್ಲಿ ಹ್ಯಾನಾ ಗ್ರೀನರ್ ಎಂಬ ಹದಿನೈದರ ಹುಡುಗಿ ಕಾಲಿನ ಉಗುರು ತೆಗೆಸಿಕೊಳ್ಳಲು ಕೂತಿದ್ದಳು. ಕ್ಲೋರೋಫಾರ್ಮ್ ಮೂಸಿಸಿದ ಕೆಲವೇ ನಿಮಿಷಗಳಲ್ಲಿ ತೀರಿಕೊಂಡಳು. ಕಾಯಿಲೆಯೂ ದೊಡ್ಡದಲ್ಲ, ಆಪರೇಷನ್ನೂ ದೊಡ್ಡದಲ್ಲ. ಅರಿವಳಿಕೆಗೆ ತನ್ನದೇ ಅಪಾಯವಿದೆ, ಅದು ಚಾಕುವಿನ ಕೆಲಸದ ಗಾತ್ರವನ್ನು ನೋಡಿ ಬರುವುದಿಲ್ಲ ಎಂಬುದನ್ನು ಆ ಹುಡುಗಿಯ ಸಾವು ಮೊದಲ ಬಾರಿಗೆ ಹೇಳಿತು. 'ಬರೀ ಹಲ್ಲು ತಾನೆ' ಎಂದುಕೊಂಡಿದ್ದ ನಾನು ಆ ಪುಟವನ್ನು ಎರಡು ಸಲ ಓದಿದೆ.

ಮುಂದೆ ಸಾವುಗಳು ಹೆಚ್ಚಿದಂತೆ ವೈದ್ಯರಲ್ಲಿ ಎರಡು ಪಂಗಡಗಳಾದವು. ಲಂಡನ್ನಿನ ಪಂಗಡ, ಮುಖ್ಯವಾಗಿ ಜಾನ್ ಸ್ನೋ ಅವರ ವಿಚಾರವನ್ನು ಒಪ್ಪಿದವರು, ಕ್ಲೋರೋಫಾರ್ಮ್ ಗಾಢವಾದರೆ ನೇರ ಹೃದಯವನ್ನೇ ನಿಲ್ಲಿಸುತ್ತದೆ, ಆದ್ದರಿಂದ ನಾಡಿಯ ಮೇಲೆ ಬೆರಳಿರಲಿ ಎನ್ನುತ್ತಿದ್ದರು. ಎಡಿನ್‌ಬರೋದ ಜೇಮ್ಸ್ ಸೈಮ್ ಅವರ ಶಿಷ್ಯರದು ಬೇರೆ ಪಾಠ: ನಾಡಿ ಬಿಡಿ, ಉಸಿರು ನೋಡಿ, ಉಸಿರು ಸರಾಗವಾಗಿದ್ದರೆ ರೋಗಿ ಉಳಿಯುತ್ತಾನೆ, ನಾಲಿಗೆ ಹಿಂದೆ ಬಿದ್ದರೆ ಮುಂದಕ್ಕೆ ಎಳೆಯಿರಿ. ಆ ಶಿಷ್ಯರಲ್ಲಿ ಒಬ್ಬರು ಎಡ್ವರ್ಡ್ ಲಾರಿ. ಹೈದರಾಬಾದ್ ರೆಸಿಡೆನ್ಸಿಯ ಸರ್ಜನ್ ಆಗಿ, ಇಲ್ಲಿನ ವೈದ್ಯಶಾಲೆಯ ಮುಖ್ಯಸ್ಥರಾಗಿ ಅವರು ಗುರುವಿನ ಪಾಠವನ್ನು ಕೋಠಿ, ಅಫ್ಜಲ್‌ಗಂಜ್‌ಗಳಿಗೆ ತಂದರು.

ನಿಜಾಮರ ಹಣ, ಬೀದಿಯ ನಾಯಿ

ಲಾರಿ ಹಟವಾದಿ. ಸಾವಿರಾರು ಜನರಿಗೆ ಕ್ಲೋರೋಫಾರ್ಮ್ ಕೊಡಿಸಿದ್ದೇನೆ, ಉಸಿರು ನೋಡಿಕೊಂಡು ಕೊಟ್ಟರೆ ಸಾವೇ ಇಲ್ಲ ಎಂದು ಅವರ ವಾದ. ಅದನ್ನು ಸಾಬೀತು ಮಾಡಲು 1888ರಲ್ಲಿ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಸರ್ಕಾರದ ನೆರವಿನಿಂದ ಮೊದಲ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗ ಏರ್ಪಾಡಾಯಿತು. ಊರ ನಾಯಿಗಳನ್ನು ಹಿಡಿದು ತಂದು, ಕ್ಲೋರೋಫಾರ್ಮ್ ಕೊಟ್ಟು, ಯಾವುದು ಮೊದಲು ನಿಲ್ಲುತ್ತದೆ ಎಂದು ನೋಡಿದರು. ಉಸಿರೇ ಮೊದಲು ನಿಂತಿತು, ಹೃದಯ ಆಮೇಲೆ ಎಂದು ವರದಿ ಬಂತು.

ಲಂಡನ್ನಿನ 'ದ ಲ್ಯಾನ್ಸೆಟ್' ಪತ್ರಿಕೆ ಒಪ್ಪಲಿಲ್ಲ. ಆಗ ನಿಜಾಮರು 1000 ಪೌಂಡ್ ಕೊಟ್ಟು, ನಿಮ್ಮವರನ್ನೇ ಕಳಿಸಿ, ಕಣ್ಣಾರೆ ನೋಡಲಿ ಎಂದರು. ಬಂದವರು ಥಾಮಸ್ ಲಾಡರ್ ಬ್ರಂಟನ್, ಆ ಕಾಲದ ಹೆಸರಾಂತ ಔಷಧಶಾಸ್ತ್ರಜ್ಞ. ಬರುವಾಗ ಅವರು ಹೃದಯದ ಪಕ್ಷದವರೇ. 1889ರ ಕೊನೆಯ ತಿಂಗಳುಗಳಲ್ಲಿ ಎರಡನೆಯ ಆಯೋಗ ಕೆಲಸ ಮಾಡಿತು. ನಾಯಿ, ಕುದುರೆ, ಕೋತಿ, ಮೇಕೆ, ಬೆಕ್ಕು, ಮೊಲ ಎಲ್ಲ ಸೇರಿ ಐನೂರಕ್ಕೆ ಹತ್ತಿರ ಪ್ರಾಣಿಗಳು. ರಕ್ತದೊತ್ತಡ ಬರೆಯುವ ಯಂತ್ರಗಳಿದ್ದವು. ಬಂದ ಗೆರೆಗಳ ಛಾಯಾಚಿತ್ರ ತೆಗೆದಿಟ್ಟರು. ಬ್ರಂಟನ್ ಮನಸ್ಸು ಬದಲಾಯಿಸಿದರು. ಅಪಾಯ ಇರುವುದು ಉಸಿರುಕಟ್ಟುವುದರಲ್ಲಿ ಅಥವಾ ಔಷಧಿ ಮಿತಿಮೀರುವುದರಲ್ಲಿ, ಹೃದಯಕ್ಕೆ ನೇರ ಅಪಾಯವಿಲ್ಲ ಎಂದು ಲಂಡನ್ನಿಗೆ ತಂತಿ ಹೊಡೆದರು.

ಆ 1000 ಪೌಂಡಿನ ಬಗ್ಗೆ ಒಂದು ಮಾತು. 1889ರಲ್ಲಿ ರಾಯಚೂರು, ಕಲಬುರಗಿ, ಬೀದರ್ ಎಲ್ಲವೂ ನಿಜಾಮರ ರಾಜ್ಯದ ಊರುಗಳು. ಆ ಖಜಾನೆಯಲ್ಲಿ ನಮ್ಮ ಕಡೆಯ ಜೋಳದ ಹೊಲಗಳ ಕಂದಾಯವೂ ಇತ್ತು. ಬರಗಾಲ ಬಂದರೆ ನೆಲವೇ ಬಾಯಿಬಿಡುವ ಸೀಮೆಯ ರೈತರು, ತಮಗೇ ತಿಳಿಯದೆ, ಒಂದು ವೈದ್ಯಕೀಯ ವಾದಕ್ಕೆ ಪಾಲು ಕೊಟ್ಟರು. ನಾಯಿಗಳಿಗೂ ಗೊತ್ತಿರಲಿಲ್ಲ. ಅವುಗಳ ಲೆಕ್ಕ ಮಾತ್ರ ಉಳಿದಿದೆ.

ಆಯೋಗದ ತೀರ್ಪು ಪೂರ್ತಿ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. 1911ರಲ್ಲಿ ಗುಡ್‌ಮನ್ ಲೀವಿ ಎಂಬ ಇಂಗ್ಲಿಷ್ ವೈದ್ಯ, ಕ್ಲೋರೋಫಾರ್ಮ್ ಹಗುರವಾಗಿ ಕೊಟ್ಟಾಗಲೇ ಹೃದಯ ಲಯ ತಪ್ಪಿ ತಟ್ಟನೆ ನಿಲ್ಲಬಹುದು ಎಂದು ಬೆಕ್ಕುಗಳ ಮೇಲಿನ ಪ್ರಯೋಗದಿಂದ ತೋರಿಸಿದ. ಹೆದರಿ ಕೂತ ಹ್ಯಾನಾ ಗ್ರೀನರಳಂಥವರ ಸಾವಿಗೆ ಅದು ಹೆಚ್ಚು ಹೊಂದುವ ವಿವರಣೆ. ಹಾಗಾಗಿ ಲಾರಿ ಅರ್ಧ ಸೋತರು. ಉಳಿದರ್ಧ ಮಾತ್ರ, ಅಂದರೆ ಕಣ್ಣು ಉಸಿರಿನ ಮೇಲಿರಲಿ ಎಂಬುದು, ಇಂದಿನವರೆಗೂ ಉಳಿದಿದೆ.

ಲಾರಿಯವರ ವಿದ್ಯಾರ್ಥಿನಿ ರೂಪಾಬಾಯಿ ಫರ್ದೂನ್‌ಜಿ ಅದನ್ನು ಕೈಯಲ್ಲಿ ಉಳಿಸಿಕೊಂಡವರು. 1889ರಿಂದ 1917ರವರೆಗೆ ಹೈದರಾಬಾದಿನ ಆಸ್ಪತ್ರೆಗಳಲ್ಲಿ ಕ್ಲೋರೋಫಾರ್ಮ್ ಕೊಡುವುದೇ ಅವರ ಕೆಲಸ. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಅವರನ್ನು ಗುರುತಿಸುವವರಿದ್ದಾರೆ. ಹೆಸರಾದ ಜಗಳಗಳೆಲ್ಲ ಗಂಡಸರವು. ಇಪ್ಪತ್ತೆಂಟು ವರ್ಷ ರೋಗಿಯ ತಲೆಯ ಬಳಿ ನಿಂತು ಉಸಿರು ನೋಡಿದ್ದು ಆ ಹೆಣ್ಣುಮಗಳು.

ಅದೇ ಹೊತ್ತಿಗೆ ಮೂಗು ಸವೆಯುತ್ತಿತ್ತು

ಇಷ್ಟು ಓದಿದ ಮೇಲೆ ನನಗೆ ಹೊಳೆದದ್ದು ಇದು. ಹೈದರಾಬಾದಿನ ಮೇಜಿನ ಮೇಲಿದ್ದವು ಊರ ನಾಯಿಗಳು. ಉದ್ದ ಮೂತಿ, ಅಗಲ ಹೊಳ್ಳೆ, ತೆರೆದ ಗಂಟಲು. ಔಷಧಿ ನಿಲ್ಲಿಸುವವರೆಗೂ ಅವುಗಳ ಉಸಿರಿಗೆ ದಾರಿಯ ತೊಂದರೆ ಇರಲಿಲ್ಲ. ಅದೇ ದಶಕದಲ್ಲಿ, ಅದೇ ಬ್ರಿಟಿಷರ ಇನ್ನೊಂದು ಹವ್ಯಾಸ ನಾಯಿಯ ಉಸಿರಿನ ದಾರಿಯನ್ನೇ ಕಿರಿದು ಮಾಡುತ್ತಿತ್ತು.

ಪಗ್ ಚೀನಾದ ನಾಯಿ. ಅರಮನೆಯವರ ತೊಡೆಯ ಮೇಲೆ ಬೆಳೆದದ್ದು. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಡಚ್ ವ್ಯಾಪಾರಿಗಳ ಹಡಗುಗಳಲ್ಲಿ ಯುರೋಪಿಗೆ ಬಂತು. 1680ರ ದಶಕದ ಕೊನೆಗೆ ಹಾಲೆಂಡಿನ ವಿಲಿಯಂ ಇಂಗ್ಲೆಂಡಿನ ಗಾದಿ ಏರಿದಾಗ ಲಂಡನ್ನಿನಲ್ಲಿ ಅದು ದೊಡ್ಡವರ ಮನೆಯ ನಾಯಿಯಾಯಿತು. ಚಿತ್ರಕಾರ ವಿಲಿಯಂ ಹೋಗಾರ್ತ್ 1745ರಲ್ಲಿ ಬರೆದ ತನ್ನದೇ ಚಿತ್ರವೊಂದು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಮುಂದೆ ಅವನ ಪಗ್ ಕೂತಿದೆ. ಮೊಬೈಲಿನಲ್ಲಿ ಆ ಚಿತ್ರ ತೆಗೆದು ಗುಂಡನ ಮುಖದ ಪಕ್ಕ ಹಿಡಿದೆ. ಹೋಗಾರ್ತನ ನಾಯಿಗೆ ಮೂತಿ ಇದೆ. ಗಿಡ್ಡ ಮೂತಿಯೇ, ಆದರೆ ಮುಖದಿಂದ ಮುಂದಕ್ಕೆ ಚಾಚಿದ, ಗಾಳಿಗೆ ಜಾಗವಿರುವ ಮೂತಿ. ಕಾಲೂ ಉದ್ದ. ಗುಂಡನ ಮುಖ ಗೋಡೆಗೆ ಒತ್ತಿದ ಹಿಟ್ಟಿನ ಉಂಡೆಯಂತಿದೆ. ನಡುವೆ ಸುಮಾರು ಇನ್ನೂರೆಂಬತ್ತು ವರ್ಷ.

ಈ ಸವೆತ ವೇಗ ಪಡೆದದ್ದು ವಿಕ್ಟೋರಿಯಾ ರಾಣಿಯ ಕಾಲದಲ್ಲಿ. 1853ರಲ್ಲಿ ಜಾನ್ ಸ್ನೋ ಅವರಿಂದ ಕ್ಲೋರೋಫಾರ್ಮ್ ಪಡೆದು ಮಗುವನ್ನು ಹೆತ್ತು, ಅರಿವಳಿಕೆಗೆ ಮನೆಮನೆಯ ಒಪ್ಪಿಗೆ ತಂದುಕೊಟ್ಟವಳು ಆಕೆಯೇ. ಚಪ್ಪಟೆ ಮೂತಿಯ ನಾಯಿಗಳಿಗೆ ಮನೆಮನೆಯ ಮುದ್ದು ತಂದುಕೊಟ್ಟವರಲ್ಲೂ ಆಕೆಯೇ ಮುಂದು. ಅವಳ ಬಳಿ ಪಗ್‌ಗಳಿದ್ದವು. 1860ರಲ್ಲಿ ಬ್ರಿಟಿಷ್, ಫ್ರೆಂಚ್ ಸೈನ್ಯಗಳು ಪೀಕಿಂಗಿನ ಬೇಸಿಗೆ ಅರಮನೆಯನ್ನು ಲೂಟಿ ಮಾಡಿದಾಗ ಸಿಕ್ಕ ಪುಟ್ಟ ಪೀಕಿಂಗೀಸ್ ನಾಯಿಯೊಂದನ್ನು ಒಬ್ಬ ಕ್ಯಾಪ್ಟನ್ ತಂದು ಅವಳಿಗೆ ಒಪ್ಪಿಸಿದ. ಅದಕ್ಕೆ ಇಟ್ಟ ಹೆಸರು 'ಲೂಟಿ'. ನಮ್ಮ ಭಾಷೆಗಳಿಂದ ಇಂಗ್ಲಿಷಿಗೆ ಹೋದ ಪದ ಆ ನಾಯಿಯ ಕೊರಳಿಗೆ ಬಿತ್ತು.

1859ರಲ್ಲಿ ನ್ಯೂಕಾಸಲ್ಲಿನಲ್ಲಿ ಮೊದಲ ಸಂಘಟಿತ ನಾಯಿ ಪ್ರದರ್ಶನ ನಡೆಯಿತು. ಹ್ಯಾನಾ ಸತ್ತ ಊರಿಗೆ ಹತ್ತಿರವೇ. 1873ರಲ್ಲಿ ಕೆನಲ್ ಕ್ಲಬ್ ಹುಟ್ಟಿತು, 1883ರಲ್ಲಿ ಪಗ್ ಡಾಗ್ ಕ್ಲಬ್. ಅಲ್ಲಿಯವರೆಗೆ ನಾಯಿಯನ್ನು ಕೆಲಸದಿಂದ ಅಳೆಯುತ್ತಿದ್ದರು: ಬೇಟೆ, ಕಾವಲು, ಕುರಿ ಕಾಯುವುದು. ಈಗ ಕಣ್ಣಿನ ಅಳತೆ ಬಂತು. ಬುಲ್‌ಡಾಗ್ ಇದಕ್ಕೆ ಒಳ್ಳೆಯ ಉದಾಹರಣೆ. ಹೋರಿಯ ಮೇಲೆ ನಾಯಿ ಬಿಡುವ ಆಟವನ್ನು 1835ರ ಕಾನೂನು ನಿಲ್ಲಿಸಿತು. ಕೆಲಸ ಹೋದ ಮೇಲೆ ಅದರ ಮುಖ ಇನ್ನಷ್ಟು ಮೊಟಕಾಯಿತು, ಏಕೆಂದರೆ ಮೊಟಕು ಮುಖಕ್ಕೆ ಬಹುಮಾನ ಬರುತ್ತಿತ್ತು. ಗೆದ್ದ ನಾಯಿಯ ಮರಿಗೆ ಬೆಲೆ ಹೆಚ್ಚು. ಆ ಮರಿಗಳಲ್ಲೂ ಹೆಚ್ಚು ಚಪ್ಪಟೆ ಮುಖದ್ದಕ್ಕೆ ಮತ್ತೂ ಹೆಚ್ಚು. ಯಾರೂ ಉಸಿರು ಕಟ್ಟಿಸಲು ಹೊರಟವರಲ್ಲ. ದೊಡ್ಡ ಕಣ್ಣು, ದುಂಡು ಮುಖ, ಮಗುವಿನ ಹಾಗೆ ಕಾಣಲಿ ಎಂದರು. ಮೂಗಿಗಿಂತ ಮೂಗುತಿ ಭಾರವಾಯಿತು.

ಮೂಳೆ ಕುಗ್ಗಿತು, ಮಾಂಸ ಕುಗ್ಗಲಿಲ್ಲ

ಡಾಕ್ಟರಮ್ಮ ನನಗೆ ಅರ್ಥವಾಗಲೆಂದು ತಮ್ಮ ಮೇಜಿನ ಮೇಲಿನ ಕೈವಸ್ತ್ರವನ್ನು ಒಂದು ಪುಟ್ಟ ಡಬ್ಬಿಗೆ ತುರುಕಿ ತೋರಿಸಿದ್ದರು. ಮುಖದ ಮೂಳೆ ತಲೆಮಾರಿನಿಂದ ತಲೆಮಾರಿಗೆ ಗಿಡ್ಡವಾಯಿತು. ಒಳಗಿನ ಮಾಂಸ ಆ ಪ್ರಮಾಣದಲ್ಲಿ ಕಡಿಮೆಯಾಗಲಿಲ್ಲ. ಅಂಗುಳದ ಹಿಂಭಾಗದ ಮೃದು ಪರದೆ ಉದ್ದವಾಗಿ ಶ್ವಾಸನಾಳದ ಬಾಯಿಗೆ ಇಳಿಬೀಳುತ್ತದೆ. ನಾಲಿಗೆಗೆ ಬಾಯಲ್ಲಿ ಜಾಗ ಸಾಲದು. ಹೊಳ್ಳೆಗಳು ಗೀರುಗಳಾಗುತ್ತವೆ. ಬುಲ್‌ಡಾಗಿನಂಥವಕ್ಕೆ ಶ್ವಾಸನಾಳವೇ ಸಪೂರ. ಕಿರಿದಾದ ದಾರಿಯಲ್ಲಿ ಗಾಳಿಯನ್ನು ಜೋರಾಗಿ ಎಳೆಯುತ್ತ ಎಳೆಯುತ್ತ ಧ್ವನಿಪೆಟ್ಟಿಗೆಯ ಒಳಚೀಲಗಳು ಹೊರಮಗುಚುತ್ತವೆ. ವರ್ಷಗಳ ಮೇಲೆ ಧ್ವನಿಪೆಟ್ಟಿಗೆಯೇ ಕುಸಿಯಬಹುದು. ನಾವು ಮುದ್ದಾದ ಗೊರಕೆ ಎನ್ನುವುದು ಆ ಪರದೆ ಗಾಳಿಗೆ ಅದುರುವ ಸದ್ದು.

ಎಚ್ಚರವಿದ್ದಾಗ ಇಂಥ ನಾಯಿ ಬದುಕಿನುದ್ದಕ್ಕೂ ಒಂದು ಕೆಲಸ ಮಾಡುತ್ತಿರುತ್ತದೆ: ಗಂಟಲಿನ ಸ್ನಾಯುಗಳನ್ನು ಬಿಗಿಹಿಡಿದು ದಾರಿ ತೆರೆದಿಟ್ಟುಕೊಳ್ಳುವುದು. ಮಂಪರು ಔಷಧಿ ಮೊದಲು ಸಡಿಲಿಸುವುದು ಆ ಸ್ನಾಯುಗಳನ್ನೇ. ಹಾಗಾಗಿ ಅಪಾಯ ಆಪರೇಷನ್ನಿನ ನಡುವಿಗಿಂತ ಎರಡು ತುದಿಗಳಲ್ಲಿ ಹೆಚ್ಚು: ನಿದ್ದೆಗೆ ಜಾರುವಾಗ, ನಿದ್ದೆಯಿಂದ ಏಳುವಾಗ. ಜೊತೆಗೆ ಈ ತಳಿಗಳಿಗೆ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬರುವುದು ಹೆಚ್ಚು; ಅದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ.

ಚಪ್ಪಟೆ ಮುಖ ಇಲ್ಲದಿದ್ದರೂ ಪುಟ್ಟ ನಾಯಿಗೆ ತನ್ನದೇ ಕಷ್ಟಗಳಿವೆ. ಪೊಮೇರಿಯನ್, ಯಾರ್ಕ್‌ಶೈರ್ ಟೆರಿಯರ್‌ಗಳಲ್ಲಿ ಶ್ವಾಸನಾಳದ ಉಂಗುರಗಳು ಮೆತ್ತಗಾಗಿ, ಉಸಿರೆಳೆದಾಗ ನಾಳ ಚಪ್ಪಟೆಯಾಗುವ ಕಾಯಿಲೆ ಇದೆ. ಬಾತುಕೋಳಿ ಕೂಗಿದಂಥ ಕೆಮ್ಮು ಅದರ ಗುರುತು. ಮೈ ಚಿಕ್ಕದಾದಷ್ಟೂ ಬಿಸಿ ಬೇಗ ಹೋಗುತ್ತದೆ, ರಕ್ತದ ಸಕ್ಕರೆ ಬೇಗ ಇಳಿಯುತ್ತದೆ, ಔಷಧಿಯ ಅಳತೆಯಲ್ಲಿ ಕೂದಲೆಳೆಯ ತಪ್ಪೂ ದೊಡ್ಡದಾಗುತ್ತದೆ. ಬ್ರಿಟನ್ನಿನ ಪ್ರಾಣಿ ಆಸ್ಪತ್ರೆಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ ಅರಿವಳಿಕೆ ಅಥವಾ ಮಂಪರು ಔಷಧಿಗೆ ಸಂಬಂಧಿಸಿ ಸತ್ತ ನಾಯಿಗಳು ಶೇಕಡಾ 0.17, ಎಂದರೆ ಆರುನೂರಕ್ಕೆ ಒಂದು. ಐದು ಕಿಲೋಗಿಂತ ಕಡಿಮೆ ತೂಕದವಕ್ಕೆ ಅಪಾಯ ಹೆಚ್ಚಿತ್ತು. ಸತ್ತವುಗಳಲ್ಲಿ ಅರ್ಧಕ್ಕೆ ಹತ್ತಿರದವು ಸತ್ತದ್ದು ಆಪರೇಷನ್ ಮುಗಿದ ಮೇಲೆ. 'ಎಲ್ಲ ಸುಸೂತ್ರ ಆಯ್ತು' ಎಂದು ಎಲ್ಲರೂ ಕೈ ತೊಳೆದುಕೊಳ್ಳುವ ಹೊತ್ತಿನಲ್ಲಿ.

ಒಡೆದ ಮುಖಗಳಿಗೆ ಬಂದ ನಳಿಕೆ

ಇಂಥ ನಾಯಿಯನ್ನು ಇಂದು ಉಳಿಸುವ ಸಾಧನ ಮೆತ್ತನೆಯ ಒಂದು ನಳಿಕೆ. ಅದೂ ಮುಖದ ಚರಿತ್ರೆಯಿಂದಲೇ ಬಂದದ್ದು. ಮೊದಲ ಮಹಾಯುದ್ಧದ ಕಂದಕಗಳಿಂದ ಮುಖ ಛಿದ್ರವಾದ ಸಿಪಾಯಿಗಳನ್ನು ಇಂಗ್ಲೆಂಡಿನ ಸಿಡ್‌ಕಪ್ ಆಸ್ಪತ್ರೆಗೆ ತರುತ್ತಿದ್ದರು. ಹ್ಯಾರಲ್ಡ್ ಗಿಲೀಸ್ ಅವರ ಮುಖಗಳನ್ನು ಮತ್ತೆ ಕಟ್ಟುತ್ತಿದ್ದರು. ಮೂಗು, ದವಡೆ ಇಲ್ಲದ ಮುಖದ ಮೇಲೆ ಅರಿವಳಿಕೆಯ ಮುಖವಾಡ ಇಡುವುದೆಲ್ಲಿ? ಅಲ್ಲಿನ ಐವನ್ ಮ್ಯಾಗಿಲ್ ಮತ್ತು ಸ್ಟ್ಯಾನ್ಲಿ ರೋಬಾಥಮ್ ಶ್ವಾಸನಾಳದೊಳಕ್ಕೇ ನಳಿಕೆ ಇಳಿಸುವ ಕ್ರಮವನ್ನು ರೂಢಿಗೆ ತಂದರು.

1920ರ ದಶಕದಲ್ಲಿ ಅಮೆರಿಕದ ಆರ್ಥರ್ ಗೆಡೆಲ್ ಆ ನಳಿಕೆಯ ಸುತ್ತ ಗಾಳಿ ತುಂಬುವ ರಬ್ಬರಿನ ಬುರುಡೆ ಕೂರಿಸಿದರು, ಹೊಟ್ಟೆಯಿಂದಲೋ ಬಾಯಿಂದಲೋ ಏನೂ ಶ್ವಾಸಕೋಶಕ್ಕೆ ಜಾರದಂತೆ. ವೈದ್ಯರು ನಂಬಲೆಂದು ತಮ್ಮ ನಾಯಿಗೇ ಅರಿವಳಿಕೆ ಕೊಟ್ಟು, ನಳಿಕೆ ಹಾಕಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಇಟ್ಟರು. ನಾಯಿ ನೀರಿನಡಿ ನಳಿಕೆಯಿಂದ ಉಸಿರಾಡುತ್ತ ಮಲಗಿತ್ತು. ಆಮೇಲೆ ಹೊರಗೆ ತೆಗೆದರೆ ಎದ್ದು ಮೈ ಕೊಡವಿತು. ಆ ನಾಯಿಯ ಹೆಸರು 'ಏರ್‌ವೇ', ಉಸಿರಿನ ದಾರಿ. ಈ ಇಡೀ ಚರಿತ್ರೆಯಲ್ಲಿ ಹೆಸರಿರುವ, ಎದ್ದು ನಡೆದ ಒಂದು ಪ್ರಯೋಗದ ನಾಯಿ ಸಿಕ್ಕಿತಲ್ಲ ಎಂದು ನನಗೆ ಹಾಯೆನಿಸಿತು.

ಹಚ್ ನಾಯಿ

ನಾವು ಇಂಗ್ಲಿಷರನ್ನು ಬೈದು ಪಾರಾಗುವಂತಿಲ್ಲ. ನಾನು ಕಾಲೇಜಿನಲ್ಲಿದ್ದಾಗ, 2003ರಲ್ಲಿ, ಹಚ್ ಮೊಬೈಲ್ ಕಂಪನಿಯ ಜಾಹೀರಾತು ಬಂತು. ಒಬ್ಬ ಹುಡುಗ ಹೋದಲ್ಲೆಲ್ಲ ಒಂದು ಪಗ್ ಹಿಂಬಾಲಿಸುವುದು. ನಮ್ಮ ರಾಯಚೂರಿನಲ್ಲೂ ಆಮೇಲೆ ಆ ತಳಿಗೆ ಪಗ್ ಎಂಬ ಹೆಸರೇ ಇರಲಿಲ್ಲ. ಅದು 'ಹಚ್ ನಾಯಿ'. ಕಂಪನಿಯ ಹೆಸರು 2007ರಲ್ಲಿ ವೊಡಾಫೋನ್ ಆಯಿತು, ನಾಯಿ ಹಚ್ ಆಗಿಯೇ ಉಳಿಯಿತು. ಅದಕ್ಕೆ ಮೊದಲು ಮಧ್ಯಮ ವರ್ಗದ ಮನೆಗಳಲ್ಲಿ ಇದ್ದದ್ದು ಬಿಳಿ 'ಪಾಮೇರಿಯನ್'. ಅದರ ಜಾಗಕ್ಕೆ ಇದು ಬಂತು.

ನಾಯಿ ತನ್ನ ಮೈಯ ಬಿಸಿಯನ್ನು ಹೊರಹಾಕುವುದು ಮುಖ್ಯವಾಗಿ ತೇಕುವುದರಿಂದ. ತೇಕಲು ದಾರಿಯೇ ಇಲ್ಲದ ನಾಯಿಯನ್ನು ನಾವು ಏಪ್ರಿಲಿನ ರಾಯಚೂರಿಗೆ, ಮೇ ತಿಂಗಳ ನಾಗಪುರಕ್ಕೆ, ಚೆನ್ನೈನ ಸೆಕೆಗೆ ತಂದೆವು. ಹುಡುಗನ ಹಿಂದೆ ಓಡುವ ನಾಯಿ ಎಂದು ಕೊಂಡವರಿಗೆ, ಒಂದು ಮಹಡಿ ಹತ್ತಿ ಕೂತುಬಿಡುವ ನಾಯಿ ಸಿಕ್ಕಿತು.

ತಿದ್ದುವ ಪ್ರಯತ್ನಗಳೂ ನಡೆದಿವೆ. 2008ರಲ್ಲಿ ಬಿಬಿಸಿಯ ಸಾಕ್ಷ್ಯಚಿತ್ರವೊಂದು ತಳಿಶುದ್ಧಿಯ ಬೆಲೆಯನ್ನು ತೋರಿಸಿದ ಮೇಲೆ ಬ್ರಿಟನ್ನಿನ ಕೆನಲ್ ಕ್ಲಬ್ ತನ್ನ ತಳಿಲಕ್ಷಣಗಳನ್ನು ಮತ್ತೆ ನೋಡಬೇಕಾಯಿತು. 2019ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಜೊತೆ ಸೇರಿ, ನಾಯಿಯನ್ನು ಮೂರು ನಿಮಿಷ ನಡೆಸಿ ಉಸಿರಿನ ಸದ್ದು ಕೇಳಿ ದರ್ಜೆ ಕೊಡುವ ಪರೀಕ್ಷೆ ತಂದಿತು. ಅದೇ ವರ್ಷ ನೆದರ್ಲೆಂಡ್ಸ್, ಎಂದರೆ ಪಗ್‌ಅನ್ನು ಯುರೋಪಿಗೆ ತಂದ ಡಚ್ಚರ ದೇಶ, ಮೂತಿ ತಲೆಬುರುಡೆಯ ಮೂರನೇ ಒಂದು ಭಾಗದಷ್ಟಾದರೂ ಇರದ ನಾಯಿಗಳಿಂದ ಮರಿ ಮಾಡಿಸುವುದಕ್ಕೆ ತಡೆ ಬಿಗಿ ಮಾಡಿತು. ನಮ್ಮಲ್ಲಿ 2017ರ ಕೇಂದ್ರದ ನಿಯಮಗಳು ನಾಯಿಮರಿ ಮಾಡಿಸಿ ಮಾರುವವರು ನೋಂದಣಿ ಮಾಡಿಸಬೇಕೆಂದವು. 2024ರಲ್ಲಿ ತಮಿಳುನಾಡು ಸರ್ಕಾರದ ನೀತಿ ನಮ್ಮ ಹವೆಗೆ ಹೊಂದದ ಕೆಲವು ವಿದೇಶಿ ತಳಿಗಳ ಮರಿ ಮಾಡಿಸುವುದನ್ನೇ ಬೇಡವೆಂದಿತು. ಪಗ್, ಫ್ರೆಂಚ್ ಬುಲ್‌ಡಾಗ್ ಆ ಪಟ್ಟಿಯಲ್ಲಿವೆ. ಆದರೆ ಹುಟ್ಟಿಬಿಟ್ಟ ಗುಂಡನಂಥವರ ಪಾಲಿಗೆ ಕಾನೂನು ತಡ. ಅವರಿಗೆ ಬೇಕಾದದ್ದು ಪಕ್ಕದಲ್ಲಿ ಕೂತು ಉಸಿರು ನೋಡುವ ಒಬ್ಬರು.

ಸಹಿ

ಹದಿಮೂರನೆಯ ದಿನ ಪ್ರಶ್ನೆಗಳನ್ನು ಬರೆದುಕೊಂಡು ಹೋದೆ. ಅರಿವಳಿಕೆಗೆ ಮೊದಲು ಆಮ್ಲಜನಕ ಕೊಡುತ್ತೀರಾ? ಕೊಡುತ್ತೇವೆ, ಐದು ನಿಮಿಷ. ನಳಿಕೆ? ಮೈಗೆ ನೋಡಿ ಅಂದಾಜು ಮಾಡಿದ್ದಕ್ಕಿಂತ ಚಿಕ್ಕವನ್ನೂ ಮೂರು ಅಳತೆಯಲ್ಲಿ ತೆಗೆದಿಟ್ಟಿದ್ದೇವೆ. ಉಸಿರನ್ನು ಯಾರು ನೋಡುತ್ತಾರೆ? ಹಲ್ಲು ಕೀಳುವುದು ನಾನು, ಉಸಿರು ನೋಡಲೆಂದೇ ಇನ್ನೊಬ್ಬ ಡಾಕ್ಟರ್. ನಳಿಕೆ ಯಾವಾಗ ತೆಗೆಯುತ್ತೀರಿ? ಡಾಕ್ಟರಮ್ಮ ಮೊದಲ ಸಲ ನಕ್ಕರು. "ಅವನೇ ಬೇಡ ಅಂದಾಗ" ಎಂದರು. ಉದ್ದ ಮೂತಿಯ ನಾಯಿ ನುಂಗತೊಡಗಿದರೆ ನಳಿಕೆ ತೆಗೆಯುತ್ತಾರೆ. ಇಂಥವಕ್ಕೆ ತಲೆ ಎತ್ತಿ, ಕಣ್ಣು ಬಿಟ್ಟು, ನಳಿಕೆಯನ್ನು ಅಗಿಯುವವರೆಗೂ ಬಿಡುತ್ತಾರೆ.

ಬೆಳಿಗ್ಗೆ ಹತ್ತಕ್ಕೆ ಒಳಗೆ ಹೋದ. ಹತ್ತೂ ಐವತ್ತಕ್ಕೆ ಹಲ್ಲಿನ ಕೆಲಸ ಮುಗಿಯಿತು. ಆಮೇಲೆ ನನ್ನನ್ನೂ ಒಳಗೆ ಕರೆದರು. ಗುಂಡನನ್ನು ಹೊಟ್ಟೆಯ ಮೇಲೆ ಮಲಗಿಸಿ, ಗದ್ದದಡಿ ಟವೆಲ್ ಸುರುಳಿ ಇಟ್ಟು, ನಾಲಿಗೆಯನ್ನು ಹೊರಗೆಳೆದು ಇಟ್ಟಿದ್ದರು. ಸೈಮ್ ತನ್ನ ಶಿಷ್ಯರಿಗೆ ಹೇಳಿಕೊಟ್ಟದ್ದೂ ಅದನ್ನೇ. ಯಂತ್ರ ಗೆರೆ ಎಳೆಯುತ್ತಿತ್ತು. ಆದರೂ ಆ ಇನ್ನೊಬ್ಬ ಡಾಕ್ಟರ್, ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿ, ಯಂತ್ರವನ್ನು ನೋಡುವುದಕ್ಕಿಂತ ಹೆಚ್ಚಾಗಿ ಗುಂಡನ ಪಕ್ಕೆಯ ಮೇಲೆ ಅಂಗೈ ಇಟ್ಟು ಕೂತಿದ್ದಳು. ಅಂಗೈ ಏರುತ್ತಿತ್ತು, ಇಳಿಯುತ್ತಿತ್ತು. ಅವಳ ಆಸ್ಪತ್ರೆಯಿಂದ ರೂಪಾಬಾಯಿ ಕೆಲಸ ಮಾಡಿದ ಅಫ್ಜಲ್‌ಗಂಜ್‌ಗೆ ಆಟೋದಲ್ಲಿ ಅರ್ಧ ಗಂಟೆ.

ಹನ್ನೊಂದೂ ಮುಕ್ಕಾಲಿಗೆ ಗುಂಡ ನಳಿಕೆ ಅಗಿದ. ತೆಗೆದರು. ಒಂದು ಕ್ಷಣ ಏನೂ ಕೇಳಲಿಲ್ಲ, ನಾನು ಅವಳ ಅಂಗೈ ನೋಡಿದೆ. ಆಮೇಲೆ ಆ ಹಳೆಯ ಗೊರಗೊರ ಸದ್ದು ಶುರುವಾಯಿತು. ಸಂಜೆ ಐದರವರೆಗೆ ಅವರು ಕಳಿಸಲಿಲ್ಲ.

ಈಗಲೂ ರಾತ್ರಿ ಅವನು ಗೊರಕೆ ಹೊಡೆಯುತ್ತಾನೆ. ವಾಟ್ಸಾಪ್ ಗುಂಪಿಗೆ ಹಾಕುವುದನ್ನು ಬಿಟ್ಟಿದ್ದೇನೆ. ಸದ್ದು ಜೋರಾದರೆ ಎದ್ದು, ದೀಪ ಹಾಕದೆ, ಪಕ್ಕೆಯ ಮೇಲೆ ಕೈಯಿಟ್ಟು ಹತ್ತು ಉಸಿರು ಎಣಿಸಿ ಬಂದು ಮಲಗುತ್ತೇನೆ. ಹೊಳ್ಳೆ ಅಗಲಿಸುವ ಸಣ್ಣ ಆಪರೇಷನ್ ಇದೆ, ಬೇಸಿಗೆ ಕಳೆಯಲಿ ಎಂದಿದ್ದಾರೆ ಡಾಕ್ಟರಮ್ಮ. ಅದಕ್ಕೂ ಒಂದು ಕಾಗದ ಇರುತ್ತದೆ.